ಎಸ್‌ಎಂಪಿಎಸ್ ಆಯ್ಕೆ: ಗ್ರಾಫಿಕ್ಸ್ ಕಾರ್ಡ್ ಬದಲಿಸುವಾಗ

ಎಸ್‌ಎಂಪಿಎಸ್ ಎಂದರೆ ಮನೆಯ 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟಿಗೆ ಇಳಿಸಿ ಕಂಪ್ಯೂಟರಿಗೆ ಉಣಿಸುವ ಪೆಟ್ಟಿಗೆ. ಇದನ್ನು ಕೊಳ್ಳಲು ಚೆನ್ನೈನವರಿಗೆ ರಿಚ್ಚಿ ಸ್ಟ್ರೀಟ್, ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಹೆಸರಾಂತ ಪೇಟೆಗಳು.

ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗೆ ಮರುಳಾಗುವವರೇ ಹೆಚ್ಚು. ನೋಡಬೇಕಾದದ್ದು ಲೇಬಲ್ಲಿನಲ್ಲಿ 12 ವೋಲ್ಟ್ ಸಾಲಿಗೆ ಬರೆದ ಆಂಪಿಯರ್. ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್ ಎರಡೂ ಮುಖ್ಯವಾಗಿ ಅದನ್ನೇ ನೆಚ್ಚಿವೆ. ‘450 ವ್ಯಾಟ್’ ಎಂದಿದ್ದರೂ ಅಲ್ಲಿ 18 ಆಂಪಿಯರ್ ಮಾತ್ರವಿದ್ದರೆ ಸಿಗುವುದು 216 ವ್ಯಾಟ್. ಆರ್‌ಟಿಎಕ್ಸ್ 3060 ಕಾರ್ಡೊಂದಕ್ಕೇ 170 ವ್ಯಾಟ್ ಬೇಕು. 65 ವ್ಯಾಟಿನ ಪ್ರೊಸೆಸರ್ ಸೇರಿದರೆ 235! ಎನ್‌ವಿಡಿಯಾ ಆ ಕಾರ್ಡಿಗೆ 550 ವ್ಯಾಟಿನ ಎಸ್‌ಎಂಪಿಎಸ್ ಶಿಫಾರಸು ಮಾಡುತ್ತದೆ.

‘80 ಪ್ಲಸ್’ ಮುದ್ರೆ ಹೇಳುವುದು ದಕ್ಷತೆಯನ್ನಷ್ಟೇ, 12 ವೋಲ್ಟ್ ಸಾಲಿನ ಸಾಮರ್ಥ್ಯವನ್ನಲ್ಲ.

ಮದರ್‌ಬೋರ್ಡಿನ ಸ್ಲಾಟ್ 75 ವ್ಯಾಟ್ ಕೊಡುತ್ತದೆ, 6 ಪಿನ್ ತಂತಿ ಇನ್ನೊಂದು 75, 8 ಪಿನ್ ತಂತಿ 150. ಬೇಕಾದ ತಂತಿ ಎಸ್‌ಎಂಪಿಎಸ್‌ನಲ್ಲೇ ಇರಬೇಕು. ಹಾರ್ಡ್‌ಡಿಸ್ಕಿನ ತಂತಿಗೆ ಅಡಾಪ್ಟರ್ ಸಿಕ್ಕಿಸಿ ಹೆಚ್ಚು ವಿದ್ಯುತ್ ಬೇಡುವ ಕಾರ್ಡ್ ನಡೆಸಿದರೆ ಕನೆಕ್ಟರ್ ಕಾದು ಕರಗಬಹುದು. ಈ ಅಡ್ಡದಾರಿ ಬೇಡವೇ ಬೇಡ.

ಯುಪಿಎಸ್ಸನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮನೆಬಳಕೆಯ 600 ವಿಎ ಯುಪಿಎಸ್ ಸಾಮಾನ್ಯವಾಗಿ ಹೊರುವುದು 360 ವ್ಯಾಟ್ ಮಾತ್ರ.