ಜಾನಪದ ಲೋಕ: ಬರೀ ನೋಡಿ ಬಂದರೆ ಸಾಲದು, ಕೈಗೂ ಕೆಲಸ ಕೊಡಬೇಕು

ರಾಮನಗರ: ಬೆಂಗಳೂರು–ಮೈಸೂರು ಹಳೇ ಹೆದ್ದಾರಿಯಲ್ಲಿ ರಾಮನಗರ ದಾಟಿ ಚನ್ನಪಟ್ಟಣದ ಕಡೆ ಹೊರಟರೆ ಕಾಮತ್ ಲೋಕರುಚಿ ಹೋಟೆಲ್ ಪಕ್ಕದಲ್ಲೇ ಜಾನಪದ ಲೋಕ. ದಿನಾ ಆ ದಾರಿಯಲ್ಲಿ ಓಡಾಡುವ ಎಷ್ಟೋ ಜನ ಸ್ಕೂಲ್ ಟೂರ್‌ನಲ್ಲಿ ಒಮ್ಮೆ ಹೋಗಿ ಬಂದಿರ್ತಾರೆ, ಅಷ್ಟೆ. ದೂರದಿಂದ ಬಂದವರು ಅರ್ಧ ದಿನ ನೋಡ್ತಾರೆ, ಪಕ್ಕದ ಊರಿನವರು ‘ಅದೇನು, ನಮ್ಮಜ್ಜಿ ಮನೇಲಿ ಇದ್ದ ಒನಕೆ ತಾನೆ’ ಅಂತ ಸುಮ್ಮನಾಗ್ತಾರೆ. ಆದರೆ ಆ ಒನಕೆಯನ್ನ ಇಬ್ಬರು ಸೇರಿ ಒಂದೇ ಒರಳಿಗೆ, ಒಂದಕ್ಕೊಂದು ತಾಗದ ಹಾಗೆ ಹಾಕೋದು ಹೇಗೆ ಅಂತ ಗೊತ್ತಿರೋರು ಈಗ ಮನೆಗೆ ಒಬ್ಬರೂ ಸಿಗಲ್ಲ.

ಕಟ್ಟಿದವರು ಯಾರು

ಜಾನಪದ ಲೋಕದ ಹಿಂದಿರುವ ಹೆಸರು ಎಚ್.ಎಲ್. ನಾಗೇಗೌಡ. ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದವರು, ಐಎಎಸ್ ಅಧಿಕಾರಿಯಾಗಿದ್ದವರು. ಟೇಪ್ ರೆಕಾರ್ಡರ್ ಹಿಡಿದು ಹಳ್ಳಿ ಹಳ್ಳಿ ಸುತ್ತಿ ಹಾಡು, ಕಥೆ ದಾಖಲು ಮಾಡಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. ಸರ್ಕಾರ ಕೊಟ್ಟ 15 ಎಕರೆಯಲ್ಲಿ ಎದ್ದ ಜಾನಪದ ಲೋಕ 1994ರಲ್ಲಿ ಜನರಿಗೆ ತೆರೆಯಿತು. ಅವರು 2005ರಲ್ಲಿ ತೀರಿಕೊಂಡರು.

ಒಳಗೆ ಹೋದರೆ ‘ಲೋಕಮಾತಾ ಮಂದಿರ’ದಲ್ಲಿ ಒಲೆ, ಮಡಕೆ, ಬೀಸುವ ಕಲ್ಲು, ಕಾಳು ತುಂಬುವ ವಾಡೆ. ‘ಲೋಕ ಮಹಲ್’ನಲ್ಲಿ ಬೇಸಾಯದ ಸಾಮಾನು, ವಾದ್ಯ, ಮುಖವಾಡ, ತೊಗಲು ಗೊಂಬೆ, ಕುಣಿತದ ವೇಷಗಳು. ‘ಆಯಗಾರರ ಮಾಳ’ದಲ್ಲಿ ಕಮ್ಮಾರ, ಕುಂಬಾರರಂಥ ಕಸುಬುದಾರರ ಸಲಕರಣೆ, ‘ಶಿಲ್ಪ ಮಾಳ’ದಲ್ಲಿ ವೀರಗಲ್ಲುಗಳು. ಬಯಲು ರಂಗಮಂದಿರವೂ ಇದೆ.

ಕೈಗೆ ಸಿಕ್ಕಾಗ ಮಾತ್ರ ಗೊತ್ತಾಗೋದು

ಮ್ಯೂಸಿಯಂ ಅಂದರೆ ‘ಮುಟ್ಟಬೇಡಿ’ ಬೋರ್ಡು ಅನ್ನೋ ಅಭ್ಯಾಸ ಆಗಿಬಿಟ್ಟಿದೆ. ನೂರಾರು ವರ್ಷದ ಹಳೇ ವಸ್ತುವಿಗೆ ಅದು ಸರಿ. ಆದರೆ ಜಾನಪದದ ಬಹುಪಾಲು ವಸ್ತುಗಳ ವಿಷಯವೇ ಬೇರೆ, ಅವು ಕೆಲಸದಲ್ಲಿ ಇದ್ದಾಗಲೇ ಅರ್ಥ ಆಗೋದು.

ತಮಟೆ ತಗೊಳ್ಳಿ. ಬಳೆಗೆ ಚರ್ಮ ಬಿಗಿದ ಈ ವಾದ್ಯ ಗೋಡೆ ಮೇಲೆ ನೇತಾಡ್ತಿದ್ದರೆ ಅದರ ಅರ್ಧ ಕಥೆಯೂ ಗೊತ್ತಾಗಲ್ಲ. ತೇವಕ್ಕೆ ಚರ್ಮ ಸಡಿಲ ಆಗುತ್ತೆ, ನಾದ ಸತ್ತುಹೋಗುತ್ತೆ. ಅದಕ್ಕೇ ಬಾರಿಸೋ ಮೊದಲು ಹುಲ್ಲಿನ ಬೆಂಕಿ ಹಾಕಿ ಕಾಯಿಸ್ತಾರೆ. ಎಷ್ಟು ಕಾಯಿಸಬೇಕು? ಜಾಸ್ತಿ ಆದರೆ ಚರ್ಮ ಸಿಡಿಯುತ್ತೆ, ಕಮ್ಮಿ ಆದರೆ ಡಬ್ ಅನ್ನುತ್ತೆ. ಬೆರಳಲ್ಲಿ ತಟ್ಟಿ, ಕಿವಿಗೊಟ್ಟು ಗೊತ್ತುಮಾಡ್ಕೊಳ್ಳೋ ಈ ಲೆಕ್ಕವನ್ನ ಫಲಕದ ಮೇಲೆ ಬರೆಯೋಕಾಗಲ್ಲ. ತಮಟೆಯ ಹಿಂದೆ ನೋವಿನ ಚರಿತ್ರೆಯೂ ಇದೆ: ಸಾವಿನ ಮನೆ ಮುಂದೆ ಬಾರಿಸುವ ಕೆಲಸವನ್ನ ದಲಿತರ ಮೇಲೆ ಹೇರಿದ್ದರು, ಅದಕ್ಕೇ ಎಷ್ಟೋ ಊರಲ್ಲಿ ಅವರು ತಮಟೆಯನ್ನೇ ಬಿಟ್ಟರು. ಆಮೇಲೆ ಅದೇ ತಮಟೆ ಹೋರಾಟದ ಮೆರವಣಿಗೆಗೂ ವೇದಿಕೆಗೂ ಬಂತು. ಮಕ್ಕಳ ಕೈಗೆ ಕೋಲು ಕೊಡುವವರು ಈ ಮಾತನ್ನೂ ಹೇಳಬೇಕು. ಇಲ್ಲದಿದ್ದರೆ ಅದು ಬರೀ ಸದ್ದು.

ತೊಗಲು ಗೊಂಬೆಯದೂ ಹಾಗೇ. ಹದ ಮಾಡಿದ ತೆಳು ಚರ್ಮಕ್ಕೆ ಬಣ್ಣ ಹಚ್ಚಿ, ಸಣ್ಣ ಸಣ್ಣ ತೂತು ಕೊರೆದು ಮಾಡಿದ ಗೊಂಬೆ ಕಪಾಟಿನಲ್ಲಿ ಟ್ಯೂಬ್‌ಲೈಟ್ ಕೆಳಗೆ ಕಪ್ಪಗೆ, ಸುಕ್ಕು ಸುಕ್ಕಾಗಿ ಕಾಣುತ್ತೆ. ಅದನ್ನೇ ಬಿಳಿ ಪರದೆ ಹಿಂದೆ ದೀಪದ ಮುಂದೆ ಹಿಡಿದರೆ ಕೆಂಪು, ಹಸಿರು ಒಮ್ಮೆಲೇ ಉರಿದು ಬರುತ್ತೆ, ತೂತುಗಳೆಲ್ಲ ಒಡವೆ ಆಗ್ತವೆ. ಪರದೆಗೆ ಒತ್ತಿ ಹಿಡಿದರೆ ಗೆರೆ ಸ್ಪಷ್ಟ, ದೀಪದ ಕಡೆ ಸರಿಸಿದರೆ ನೆರಳು ದೊಡ್ಡದಾಗಿ ಮಸುಕು. ಐದು ನಿಮಿಷ ಗೊಂಬೆ ಹಿಡಿದ ಹುಡುಗನಿಗೆ ಇದು ಗೊತ್ತಾಗುತ್ತೆ. ಇದಕ್ಕೆ ಬೆಲೆಬಾಳುವ ಹಳೇ ಗೊಂಬೆಯೇ ಬೇಕು ಅಂತಿಲ್ಲ, ಅಭ್ಯಾಸಕ್ಕೆಂದೇ ಮಾಡಿಸಿದ ಹೊಸದು ಸಾಕು.

ಇನ್ನು ರಾಗಿಕಲ್ಲು. ಬೀಸುವ ಪದಗಳು ರೆಕಾರ್ಡಿಂಗ್‌ನಲ್ಲಿ ಉಳಿದಿವೆ, ಪುಸ್ತಕದಲ್ಲೂ ಇವೆ. ಆದರೆ ಹಾಡುವವರು ಎಲ್ಲಿ ಉಸಿರು ತಗೋತಾರೆ, ಯಾಕೆ ಒಂದು ಪದ ಎಳೀತಾರೆ ಅನ್ನೋದು ಗೂಟ ಹಿಡಿದು ನಾಲ್ಕು ಸುತ್ತು ತಿರುಗಿಸಿದವರಿಗೆ ಬೇಗ ಹೊಳೆಯುತ್ತೆ. ಒಂದೇ ಸಲ ಬೊಗಸೆ ತುಂಬ ರಾಗಿ ಸುರಿದರೆ ಹಿಟ್ಟು ತರಿ ತರಿ. ಒಂದೊಂದು ಹಿಡಿ ಹಾಕ್ತಾ ತೋಳಿನ ಓಟ, ಹಾಡಿನ ಓಟ ಎರಡನ್ನೂ ಜೋಡಿಸಬೇಕು.

ಈ ಆಲೋಚನೆ ಹೊಸದೇನಲ್ಲ. ಸ್ವೀಡನ್‌ನ ಸ್ಟಾಕ್‌ಹೋಂನಲ್ಲಿ 1891ರಲ್ಲೇ ‘ಸ್ಕಾನ್ಸೆನ್’ ಅನ್ನೋ ಬಯಲು ಮ್ಯೂಸಿಯಂ ಶುರುವಾಯ್ತು. ಚೆನ್ನೈ ಹತ್ತಿರ 1996ರಲ್ಲಿ ಶುರುವಾದ ‘ದಕ್ಷಿಣಚಿತ್ರ’ದಲ್ಲಿ ಇಳಕಲ್ಲಿನ ನೇಕಾರರ ಮನೆಯನ್ನೇ ತಂದು ಕಟ್ಟಿದ್ದಾರೆ, ಬಂದವರು ಮಣ್ಣಿನ ಮಡಕೆಗೆ ಕೈ ಹಾಕಬಹುದು. ಜಾನಪದ ಲೋಕವೂ ಕಲಾವಿದರನ್ನ ಕರೆಸಿ ತರಬೇತಿ, ಲೋಕೋತ್ಸವ ನಡೆಸಿಕೊಂಡು ಬಂದಿದೆ. ಆಷಾಢದ ಗಾಳಿಗೆ ನಡೆಯುವ ಗಾಳಿಪಟ ಉತ್ಸವವಂತೂ ಇದಕ್ಕೆ ಒಳ್ಳೇ ಉದಾಹರಣೆ: ಸೂತ್ರ ಕಟ್ಟೋಕೆ ಬಾರದವರ ಪಟ ಮೇಲೇ ಏಳಲ್ಲ.

ಎಲ್ಲವನ್ನೂ ಕಲಿಸೋಕಾಗಲ್ಲ

ಮುಟ್ಟಿ ಕಲಿಯೋದಕ್ಕೂ ಮಿತಿ ಇದೆ, ಅದನ್ನ ಮುಚ್ಚಿಡಬಾರದು. ಕಂಸಾಳೆ ನೋಡಿ. ಎಡಗೈಲಿ ಬಟ್ಟಲಿನಂಥ ಕಂಚು, ಬಲಗೈಲಿ ಚಪ್ಪಟೆ ಕಂಚು. ಬೀಸು ಕಂಸಾಳೆಯ ಒಂದಿಷ್ಟು ಹೆಜ್ಜೆಯನ್ನ ಕಾಲೇಜು ಹುಡುಗರು ಶಿಬಿರದಲ್ಲಿ ಕಲೀತಾರೆ. ಆದರೆ ದೇವರಗುಡ್ಡರಿಗೆ ಅದು ಮಲೆ ಮಹದೇಶ್ವರನ ಹರಕೆ. ಗುರುವಿನಿಂದ ದೀಕ್ಷೆ ಆಗಬೇಕು, ಭಿಕ್ಷೆಗೆ ಹೋಗಬೇಕು, ರಾತ್ರಿಯಿಡೀ ಕಥೆ ನಡೆಸಬೇಕು. ಶಿಬಿರದಲ್ಲಿ ಹತ್ತೋದು ಕೈಚಳಕ, ನೇಮ ಅಲ್ಲ. ಹತ್ತು ನಿಮಿಷದ ವೇದಿಕೆ ಕುಣಿತವನ್ನೇ ಕಂಸಾಳೆ ಅಂತ ನಂಬಿದ ಹುಡುಗರು, ಊರಲ್ಲಿ ಕಥೆ ನಡೆದರೆ ಅರ್ಧಕ್ಕೇ ಎದ್ದು ಹೋಗ್ತಾರೆ. ಕಲಿಸುವ ಜಾಗದಲ್ಲಿ ದೇವರಗುಡ್ಡರೇ ಕೂತು ಕಲಿಸಿದರೆ, ಅವರಿಗೆ ತಕ್ಕ ಸಂಭಾವನೆ ಸಿಕ್ಕರೆ ಈ ತೊಂದರೆ ಸ್ವಲ್ಪ ಕಮ್ಮಿ.

ಅಂಗಡಿಯವರಿಗೆ ಇದರಲ್ಲೇನಿದೆ

2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಮೇಲೆ ಕಾರುಗಳೆಲ್ಲ ಬೈಪಾಸ್ ಹಿಡಿದವು. ಬೈಕ್, ಆಟೋ ಆ ರಸ್ತೆಗೆ ಹತ್ತೋ ಹಾಗಿಲ್ಲ, ಅವು ಮಾತ್ರ ಹಳೇ ದಾರೀಲಿ. ಚನ್ನಪಟ್ಟಣದ ಗೊಂಬೆ ಅಂಗಡಿಗಳಿಗೆ ಬಿದ್ದ ಪೆಟ್ಟು ಎಲ್ಲರಿಗೂ ಗೊತ್ತು. ಹಾದುಹೋಗೋರು ‘ಇಲ್ಲೊಂದು ನಿಮಿಷ ನಿಲ್ಲಿಸಿ’ ಅಂತ ಇಳಿಯುತ್ತಿದ್ದ ವ್ಯಾಪಾರ ಹೋಯ್ತು. ಇನ್ಮೇಲೆ ಗಿರಾಕಿ ಬೇಕಂತಲೇ ಬೈಪಾಸ್ ಬಿಟ್ಟು ಇಳಿದು ಬರಬೇಕು, ಹಾಗೆ ಬರೋಕೆ ಕಾರಣ ಬೇಕು.

ಗೊಂಬೆ ಆನ್‌ಲೈನ್‌ನಲ್ಲೂ ಸಿಗುತ್ತೆ. ಗೊಂಬೆ ಆಗೋದನ್ನ ನೋಡೋದು, ಅದಕ್ಕೆ ಕೈ ಹಾಕೋದು ಇಲ್ಲಿ ಮಾತ್ರ. ಒಣಗಿದ ಆಲೆ ಮರದ ತುಂಡು ಯಂತ್ರದಲ್ಲಿ ಗಿರ್ರನೆ ತಿರುಗ್ತಿರುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತೆ. ಮೇಲೆ ಕೇದಗೆ ಗರಿ ಹಿಡಿದರೆ ಹೊಳಪು. ಉಳಿ ಹಿಡಿಯೋದು ಕಸುಬುದಾರರ ಕೆಲಸ, ಅಲ್ಲಿ ಮಕ್ಕಳನ್ನ ಬಿಡಬಾರದು. ಅರಗು ಒತ್ತೋದನ್ನ ಮಾತ್ರ ಪಕ್ಕದಲ್ಲಿ ನಿಂತು ಮಾಡಿಸಬಹುದು. ತನ್ನ ಕೈಲೇ ಬಣ್ಣ ಹಚ್ಚಿದ ಬುಗುರಿಗೆ ಯಾರೂ ಚೌಕಾಸಿ ಮಾಡಲ್ಲ. ಜಿಐ ಟ್ಯಾಗ್ ಇರುವ ಗೊಂಬೆಗೂ ಹೊರಗಿಂದ ಬಂದ ಅಗ್ಗದ ಪ್ಲಾಸ್ಟಿಕ್ ಮಾಲಿಗೂ ಏನು ವ್ಯತ್ಯಾಸ ಅಂತ ಗಿರಾಕಿಗೆ ಭಾಷಣ ಬಿಗಿಯೋ ಅಗತ್ಯವೂ ಬೀಳಲ್ಲ. ಬೆಳಗ್ಗೆ ಜಾನಪದ ಲೋಕ, ಮಧ್ಯಾಹ್ನ ಚನ್ನಪಟ್ಟಣ ಅಂತ ಒಂದು ದಿನದ ಸುತ್ತು ಹಾಕೋಕೆ ದೂರವೂ ಹೆಚ್ಚಿಲ್ಲ.

ಅಟ್ಟದ ಸಾಮಾನು ಗುಜರಿಗೆ ಹಾಕೋ ಮುನ್ನ

ಹಳೇ ಮನೆ ಕೆಡವುವಾಗ ಕೊಳಗ, ಸೇರು, ಕೂರಿಗೆ, ಮಜ್ಜಿಗೆ ಕಡೆಯುವ ಕಂಬ ಎಲ್ಲ ಗುಜರಿ ಗಾಡಿ ಹತ್ತುತ್ತವೆ. ಅಥವಾ ರೆಸಾರ್ಟ್‌ನವರು ಅಲಂಕಾರಕ್ಕೆ ಕೊಂಡೊಯ್ತಾರೆ. ಮ್ಯೂಸಿಯಂಗೆ ಕೊಡೋದಾದರೂ, ಮನೇಲೇ ಇಟ್ಟುಕೊಳ್ಳೋದಾದರೂ ಮೊದಲು ಮನೆಯ ಹಿರಿಯರನ್ನ ಕೂರಿಸಿಕೊಂಡು ಕೇಳಿ: ಇದಕ್ಕೆ ನಿಮ್ಮೂರಲ್ಲಿ ಏನಂತಿದ್ರು, ಯಾವ ಮರದ್ದು, ಯಾರು ಮಾಡಿಕೊಟ್ಟರು, ಹೇಗೆ ಹಿಡೀತಿದ್ರು. ಹಿಡಿಯೋದನ್ನ ಮೊಬೈಲ್‌ನಲ್ಲಿ ವಿಡಿಯೋ ಮಾಡಿ, ಮುಖಕ್ಕಿಂತ ಕೈ ಸರಿಯಾಗಿ ಕಾಣೋ ಹಾಗೆ. ಆಮೇಲೆ ಮನೆ ಮಕ್ಕಳಿಗೂ ಒಂದು ಸಲ ಹಿಡಿಯೋಕೆ ಕೊಡಿ. ಕೂರಿಗೆ ಬಟ್ಟಲಿಗೆ ಕಾಳು ಬಿಡೋದನ್ನ ಅಜ್ಜ ತೋರಿಸ್ತಾ ಇದ್ದರೆ ನಿಲ್ಲಿಸಬೇಡಿ, ವಿಡಿಯೋ ಉದ್ದ ಆದರೆ ಆಗಲಿ.