ಹದಿನಾರರ ಲೈಸೆನ್ಸು, ಐವತ್ತು ಸಿ.ಸಿ.ಯ ಕಥೆ

'ಹದಿನಾರು ತುಂಬಿದರೆ ಸಾಕು ಸಾರ್, ಗೇರಿಲ್ಲದ ಗಾಡಿಗೆ ಲೈಸೆನ್ಸು ಕೊಡುತ್ತಾರೆ' ಎಂಬ ಮಾತನ್ನು ಪೋಷಕರ ಸಭೆಗಳಲ್ಲಿ ನಾನು ಎಷ್ಟು ಸಲ ಕೇಳಿದ್ದೇನೆಯೋ ಲೆಕ್ಕವಿಲ್ಲ. ಈ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಐದು ವರ್ಷಗಳ ಮಟ್ಟಿಗೆ ಇದು ಅಕ್ಷರಶಃ ನಿಜವಾಗಿತ್ತು. ಆಮೇಲೆ ಅರ್ಧ ನಿಜವಾಯಿತು. ಈಗ ಕಾಯಿದೆಯ ಪುಟದಲ್ಲಿ ಮಾತ್ರ ಉಳಿದಿರುವ ನಿಜವಾಗಿದೆ. ಒಂದು ಕಾಯಿದೆಯ ಒಂದು ಸಾಲು ಹೀಗೆ ಕಾಲದೊಡನೆ ಸವೆದುಹೋದ ಬಗೆಯನ್ನು ಚರಿತ್ರೆಯ ವಿದ್ಯಾರ್ಥಿಗಳು ಮಾತ್ರವಲ್ಲ, ಮನೆಯಲ್ಲಿ ಹದಿನಾರು-ಹದಿನೇಳರ ಮಕ್ಕಳಿರುವ ಎಲ್ಲರೂ ತಿಳಿದಿರುವುದು ಒಳ್ಳೆಯದು.

ಬ್ರಿಟಿಷ್ ಆಡಳಿತದ ಭಾರತಕ್ಕೆಲ್ಲ ಅನ್ವಯಿಸುವಂತೆ ಮೋಟಾರು ವಾಹನಗಳ ಮೊದಲ ಕಾಯಿದೆ ಬಂದದ್ದು 1914ರಲ್ಲಿ. ಅದರ ಜಾಗಕ್ಕೆ 1939ರಲ್ಲಿ ಇನ್ನೂ ವಿಸ್ತಾರವಾದ ಕಾಯಿದೆ ಬಂದಿತು. ಸ್ವಾತಂತ್ರ್ಯಾನಂತರವೂ ಸುಮಾರು ನಾಲ್ಕು ದಶಕಗಳ ಕಾಲ ನಮ್ಮ ರಸ್ತೆಗಳನ್ನು ಆಳಿದ್ದು ಈ 1939ರ ಕಾಯಿದೆಯೇ. ಅದರ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಓಡಿಸಲು ಹದಿನೆಂಟು ವರ್ಷ ತುಂಬಿರಬೇಕಿತ್ತು. ಯಂತ್ರಬಲದಿಂದ ರಸ್ತೆಯ ಮೇಲೆ ಚಲಿಸುವುದೆಲ್ಲವೂ ಮೋಟಾರು ವಾಹನವೇ. ಗಾಡಿ ಚಿಕ್ಕದು, ದೊಡ್ಡದು ಎಂಬ ವಿನಾಯಿತಿ ಇರಲಿಲ್ಲ. ಕಾಯಿದೆ ರೂಪುಗೊಂಡ ಕಾಲದಲ್ಲಿ ಮೋಟಾರು ಎಂದರೆ ಸಾಹುಕಾರರ ಕಾರು, ಊರಿಗೊಂದು ಬಸ್ಸು, ಅಧಿಕಾರಿಗಳ ಮೋಟಾರ್ ಸೈಕಲ್ಲು. ಬಾಲಕರ ಕೈಗೆ ಸಿಗುವಂಥ ಗಾಡಿಯ ಕಲ್ಪನೆ ಯಾರಿಗಿದ್ದೀತು?

ಆ ಗಾಡಿಯೂ ಬಂದಿತು. ಪೆಡಲನ್ನೂ ಮೋಟಾರನ್ನೂ ಸೇರಿಸಿ ಪಾಶ್ಚಾತ್ಯರು ಅದಕ್ಕೆ 'ಮೊಪೆಡ್' ಎಂದು ಹೆಸರಿಟ್ಟರು. 1972ರಲ್ಲಿ ಪುಣೆಯ ಕೈನೆಟಿಕ್ ಎಂಜಿನಿಯರಿಂಗ್ ಸಂಸ್ಥೆ 50 ಸಿ.ಸಿ.ಯ ಲೂನಾವನ್ನು ಮಾರುಕಟ್ಟೆಗೆ ತಂದಿತು. 1980ರಲ್ಲಿ ನಮ್ಮ ಗಡಿಗೆ ಅಂಟಿಕೊಂಡಂತಿರುವ ಹೊಸೂರಿನಿಂದ ಇಬ್ಬರು ಕೂರಬಹುದಾದ ಟಿ.ವಿ.ಎಸ್. 50 ಹೊರಬಂದಿತು. ಸಿ.ಸಿ. ಎಂದರೆ ಎಂಜಿನ್ನಿನ ಸಿಲಿಂಡರಿನೊಳಗಿನ ಅವಕಾಶದ ಅಳತೆ, ಅಂದರೆ ಘನ ಸೆಂಟಿಮೀಟರು. ಐವತ್ತು ಸಿ.ಸಿ. ಎಂದರೆ ಒಂದು ಸಣ್ಣ ಕಾಫಿ ಲೋಟವೂ ತುಂಬದಷ್ಟು. ಆದರೆ ಅಷ್ಟರ ಬಲದಿಂದಲೇ ಹಾಲಿನ ಕ್ಯಾನು, ತರಕಾರಿ ಮೂಟೆ, ಅಂಚೆಯ ಚೀಲ, ನಮ್ಮಂಥ ಮೇಷ್ಟ್ರುಗಳು, ಎಲ್ಲರೂ ಊರಿಂದೂರಿಗೆ ಸಾಗಿದೆವು. ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಸರದಿಗಾಗಿ ಕಾಯಬೇಕಿದ್ದ ಆ ದಿನಗಳಲ್ಲಿ ಮೊಪೆಡ್ಡು ಬಡ ಮಧ್ಯಮ ವರ್ಗದ ಪಾಲಿನ ಪುಷ್ಪಕ ವಿಮಾನವಾಗಿತ್ತು. ಆದರೂ ಕಾಯಿದೆಯ ದೃಷ್ಟಿಯಲ್ಲಿ ಅದಕ್ಕೂ ಲಾರಿಯಂತೆಯೇ ನೋಂದಣಿ ಬೇಕು, ಓಡಿಸುವವನಿಗೆ ಲೈಸೆನ್ಸು ಬೇಕು, ಹದಿನೆಂಟು ತುಂಬಿರಬೇಕು.

ಈ ಬಿಗಿಯನ್ನು ಸಡಿಲಿಸಿದ್ದು 1988ರ ಮೋಟಾರು ವಾಹನ ಕಾಯಿದೆ. ಅದು ಜಾರಿಗೆ ಬಂದದ್ದು 1989ರ ಜುಲೈ 1ರಂದು. ನಮ್ಮ ಹಳೆಯ ಮೈಸೂರು ರಾಜ್ಯವನ್ನು ನೆನಪಿಸುತ್ತಿದ್ದ 'ಎಂ.ವೈ.' ಮೊದಲಾದ ಸಂಖ್ಯಾಮಾಲೆಗಳು ಹೋಗಿ, ದೇಶವ್ಯಾಪಿಯಾದ ಹೊಸ ಕ್ರಮದಲ್ಲಿ ಕರ್ನಾಟಕಕ್ಕೆ 'ಕೆ.ಎ.' ಎಂಬ ಗುರುತು ಬಂದದ್ದೂ ಆ ಸಂದರ್ಭದಲ್ಲಿಯೇ. ಮೈಸೂರಿಗೆ 09, ಹಾಸನಕ್ಕೆ 13, ಶಿವಮೊಗ್ಗಕ್ಕೆ 14, ಧಾರವಾಡಕ್ಕೆ 25 ಎಂದು ಹುಡುಗರು ಮಗ್ಗಿಯಂತೆ ಬಾಯಿಪಾಠ ಮಾಡುತ್ತಿದ್ದರು. ಈ ಕಾಯಿದೆಯ ನಾಲ್ಕನೆಯ ಕಲಮು ಹದಿನೆಂಟರ ನಿಯಮವನ್ನು ಉಳಿಸಿಕೊಂಡು ಅದಕ್ಕೊಂದು ವಿನಾಯಿತಿ ಸೇರಿಸಿತು: ಗೇರಿಲ್ಲದ ಮೋಟಾರ್ ಸೈಕಲನ್ನು ಹದಿನಾರು ತುಂಬಿದವರು ಓಡಿಸಬಹುದು. ಕಲಿಯುವವರ ಪರವಾನಗಿ ಪಡೆಯಲು ಮಾತ್ರ ಪೋಷಕರ ಲಿಖಿತ ಒಪ್ಪಿಗೆ ಬೇಕು. ಎಸ್.ಎಸ್.ಎಲ್.ಸಿ. ಮುಗಿಸಿ ಎಂಟು-ಹತ್ತು ಕಿಲೋಮೀಟರು ದೂರದ ಕಾಲೇಜಿಗೆ ಹೋಗಬೇಕಾದ ಹಳ್ಳಿಯ ಮಕ್ಕಳಿಗೆ ಇದೊಂದು ತೆರೆದ ಬಾಗಿಲಾಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕಾಯಿದೆಯ ವ್ಯಾಖ್ಯಾನಗಳಲ್ಲಿ ಸ್ಕೂಟರಿಗಾಗಲಿ ಮೊಪೆಡ್ಡಿಗಾಗಲಿ ಪ್ರತ್ಯೇಕ ಸ್ಥಾನವಿಲ್ಲ. ಎರಡು ಚಕ್ರದ ಮೋಟಾರು ವಾಹನವೆಲ್ಲವೂ ಮೋಟಾರ್ ಸೈಕಲ್ಲೇ. ಹಾಗಿರುವಾಗ ಹುಡುಗರ ಗಾಡಿಯನ್ನು ದೊಡ್ಡವರ ಗಾಡಿಯಿಂದ ಬೇರ್ಪಡಿಸಲು ಶಾಸನ ರಚಿಸಿದವರು ಹಿಡಿದ ಅಳತೆಗೋಲು ಗೇರು. ಗೇರಿಲ್ಲದ್ದು ಎಂದರೆ ಮೊಪೆಡ್ಡು, ಮೊಪೆಡ್ಡು ಎಂದರೆ ನಿಧಾನ ಎಂಬುದು ಮೇಲುನೋಟಕ್ಕೆ ಸರಿಯಾದ ತರ್ಕವೇ. ಆದರೆ ಅಷ್ಟು ಹೊತ್ತಿಗಾಗಲೇ ಕೈನೆಟಿಕ್ ಹೋಂಡಾ ಎಂಬ 98 ಸಿ.ಸಿ.ಯ ಸ್ಕೂಟರು ರಸ್ತೆಗಿಳಿದಿತ್ತು. ಅದಕ್ಕೆ ಕೈಯಿಂದ ಬದಲಿಸುವ ಗೇರಿರಲಿಲ್ಲ, ಗುಂಡಿ ಒತ್ತಿದರೆ ಹೊರಡುತ್ತಿತ್ತು, ವೇಗದಲ್ಲಿ ಗೇರಿನ ಸ್ಕೂಟರಿಗೆ ಹೆಚ್ಚೇನೂ ಕಡಿಮೆಯಿರಲಿಲ್ಲ. ಕಾಯಿದೆಯ ಮಾತಿನ ಪ್ರಕಾರ ಅದನ್ನೂ ಹದಿನಾರರ ಬಾಲಕ ಓಡಿಸಬಹುದಾಗಿತ್ತು.

1994ರ ತಿದ್ದುಪಡಿ ಈ ಕಿಂಡಿಯನ್ನು ಮುಚ್ಚಿತು. ಆ ವರ್ಷದ ನವೆಂಬರ್ 14ರಿಂದ ನಾಲ್ಕನೆಯ ಕಲಮಿನಲ್ಲಿ 'ಗೇರಿಲ್ಲದ' ಎಂಬ ಪದ ಹೋಗಿ, '50 ಸಿ.ಸಿ. ಮೀರದ' ಎಂಬ ಪದ ಬಂದು ಕುಳಿತಿತು. ಅದೇ ತಿದ್ದುಪಡಿ ಇನ್ನೊಂದು ಅಳತೆಯನ್ನೂ ಕಿರಿದುಗೊಳಿಸಿತು. 1988ರಲ್ಲಿ ನಾಲ್ಕಕ್ಕಿಂತ ಕಡಿಮೆ ಚಕ್ರಗಳ, 35 ಸಿ.ಸಿ. ಮೀರದ ಗಾಡಿಯನ್ನು ಮೋಟಾರು ವಾಹನದ ವ್ಯಾಖ್ಯಾನದಿಂದಲೇ ಹೊರಗಿಟ್ಟಿದ್ದರು. ಈಗ ಅದು 25 ಸಿ.ಸಿ.ಗೆ ಇಳಿಯಿತು. ಆದರೆ ಲೈಸೆನ್ಸಿನ ವರ್ಗಗಳನ್ನು ಹೇಳುವ ಹತ್ತನೆಯ ಕಲಮಿನಲ್ಲಿ 'ಗೇರಿಲ್ಲದ ಮೋಟಾರ್ ಸೈಕಲ್' ಎಂಬ ಹೆಸರು ಹಾಗೆಯೇ ಉಳಿಯಿತು. ವಯಸ್ಸನ್ನು ಅಳೆಯುವ ಕಲಮಿನಲ್ಲಿ ಸಿ.ಸಿ., ಕೈಗೆ ಕೊಡುವ ಲೈಸೆನ್ಸಿನಲ್ಲಿ ಗೇರು! ಪೋಷಕರ ಸಭೆಯ ಆ ಮಾತು ಹುಟ್ಟಿದ್ದು, ಹುಟ್ಟಿದ ಮೇಲೆ ಸಾಯದೆ ಉಳಿದದ್ದು ಈ ಬಿರುಕಿನಲ್ಲಿಯೇ ಎಂದು ನನ್ನ ಊಹೆ.

ಕಾಯಿದೆ ಐವತ್ತರಲ್ಲಿ ನಿಂತಿತು, ಗಾಡಿಗಳು ನಿಲ್ಲಲಿಲ್ಲ. ಹೊಸ ಶತಮಾನದ ಆರಂಭದಲ್ಲಿ ಬಂದ ಆಕ್ಟಿವಾದ ಎಂಜಿನ್ನು 102 ಸಿ.ಸಿ.ಯದು. ಹೊಸೂರಿನ ಮೊಪೆಡ್ಡೇ ಮೊದಲು ಎಪ್ಪತ್ತರ ಹತ್ತಿರಕ್ಕೆ, 2015ರಲ್ಲಿ ಎಕ್ಸ್.ಎಲ್. 100 ಆಗಿ ನೂರರ ಹತ್ತಿರಕ್ಕೆ ಬೆಳೆಯಿತು. ಹೊಗೆಯ ನಿಯಮಗಳು ಬಿಗಿಯಾದಂತೆಲ್ಲ ಹಳೆಯ ಟೂ-ಸ್ಟ್ರೋಕ್ ಎಂಜಿನ್ನುಗಳು ಹಿಂದೆ ಸರಿದವು, ಲೂನಾ ಕಣ್ಮರೆಯಾಯಿತು. ಇಂದು ದೊಡ್ಡ ಕಂಪನಿಗಳ ಅಂಗಡಿಯಲ್ಲಿ 50 ಸಿ.ಸಿ.ಯ ಹೊಸ ಪೆಟ್ರೋಲ್ ಗಾಡಿ ಹುಡುಕಿದರೂ ಸಿಗುವುದಿಲ್ಲ. ಅಂದರೆ ಹದಿನಾರರ ಮಗುವಿಗೆ ಲೈಸೆನ್ಸು ಉಂಟು, ಆ ಲೈಸೆನ್ಸಿಗೆ ತಕ್ಕ ಗಾಡಿ ಇಲ್ಲ. ಅದನ್ನು ಹಿಡಿದು ಮನೆಯ ಆಕ್ಟಿವಾ ಏರಿದರೆ ಕಾಯಿದೆಯ ಕಣ್ಣಿನಲ್ಲಿ ಅದು ಅಪ್ರಾಪ್ತ ವಯಸ್ಕನ ಚಾಲನೆಯೇ.

ಬ್ಯಾಟರಿಯ ಗಾಡಿ ಬಂದ ಮೇಲೆ ಹಳೆಯ ಅಳತೆಗೋಲು ಇನ್ನಷ್ಟು ನಿರುಪಯೋಗಿಯಾಯಿತು. ಸಿಲಿಂಡರೇ ಇಲ್ಲದ ಯಂತ್ರಕ್ಕೆ ಸಿ.ಸಿ. ಎಲ್ಲಿಂದ ಬರಬೇಕು? ಕೇಂದ್ರ ಮೋಟಾರು ವಾಹನ ನಿಯಮಗಳು ಇದಕ್ಕೆ ಬೇರೆ ಗೆರೆ ಎಳೆದವು. ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ, ತೂಕ 60 ಕಿಲೋಗ್ರಾಂ ಮೀರದಂತೆ, ಹೀಗೆಂದು ಅಧಿಕೃತ ಪರೀಕ್ಷಾ ಸಂಸ್ಥೆ ಪ್ರಮಾಣೀಕರಿಸಿದ ಗಾಡಿ ಮೋಟಾರು ವಾಹನವೇ ಅಲ್ಲ. ಅದಕ್ಕೆ ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಈ ಮಿತಿ ದಾಟಿದ್ದೆಲ್ಲವೂ ಮೋಟಾರು ವಾಹನ. 2024ರಲ್ಲಿ ಲೂನಾ ಎಂಬ ಹೆಸರು ಬ್ಯಾಟರಿಯ ಗಾಡಿಯಾಗಿ ಮರಳಿತು; ಅದರ ವೇಗ ಗಂಟೆಗೆ 50 ಕಿಲೋಮೀಟರು. ಹೆಸರು ಕೇಳಿ ನಮ್ಮ ಕಾಲದ ಪೆಡಲಿನ ಗಾಡಿ ಎಂದು ಭಾವಿಸಿ ಮೊಮ್ಮಗನ ಕೈಗೆ ಕೊಡುವಂತಿಲ್ಲ; ಅದಕ್ಕೆ ನೋಂದಣಿಯೂ ಬೇಕು, ಲೈಸೆನ್ಸೂ ಬೇಕು.

ಇದೆಲ್ಲ ಪುಸ್ತಕದ ಬದನೆಕಾಯಿ ಎಂದು ತಳ್ಳಿಹಾಕುವ ಕಾಲ 2019ಕ್ಕೆ ಮುಗಿಯಿತು. ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಯಾದ 199ಎ ಕಲಮಿನ ಪ್ರಕಾರ ಅಪ್ರಾಪ್ತ ವಯಸ್ಕರು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು. ಶಿಕ್ಷೆ ಮೂರು ವರ್ಷಗಳವರೆಗಿನ ಸೆರೆವಾಸ ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸು ಇಲ್ಲ. ತಮ್ಮ ಅರಿವಿಲ್ಲದೆ ನಡೆಯಿತೆಂದು ಸಾಬೀತು ಮಾಡುವ ಹೊಣೆಯೂ ಪೋಷಕರದೇ. ಮಗು ತನ್ನ ಲೈಸೆನ್ಸಿಗೆ ತಕ್ಕ ಗಾಡಿಯನ್ನೇ ಓಡಿಸುತ್ತಿದ್ದರೆ ಮಾತ್ರ ಈ ಶಿಕ್ಷೆಯಿಂದ ವಿನಾಯಿತಿ ಉಂಟು. ಆ ಗಾಡಿಯೇ ಅಂಗಡಿಯಲ್ಲಿಲ್ಲವೆಂಬುದನ್ನು ಮೇಲೆ ಹೇಳಿದ್ದೇನೆ. ಅಪಘಾತವಾದರೆ ವಿಮಾ ಕಂಪನಿ ಪರಿಹಾರ ತೆತ್ತು, ಲೈಸೆನ್ಸಿಲ್ಲದ ಚಾಲಕನೆಂಬ ಕಾರಣಕ್ಕೆ ಆ ಹಣವನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲು ನ್ಯಾಯಾಲಯಗಳು ಅನುಮತಿಸಿದ ಉದಾಹರಣೆಗಳೂ ಇವೆ. ತುಂಡು ಜಮೀನಿನ ರೈತನ ಮನೆಗೆ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಪೋಷಕರನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಬೆಳಗಿನ ಒಂದೇ ಬಸ್ಸು ತಪ್ಪಿದರೆ ಕಾಲೇಜೇ ತಪ್ಪುವ ಊರಿನಲ್ಲಿ ಮಗಳಿಗೆ ಸ್ಕೂಟರಿನ ಕೀಲಿ ಕೊಡುವ ತಂದೆ ಮೋಜಿಗಾಗಿ ಕೊಡುತ್ತಿಲ್ಲ ಎಂಬುದನ್ನು ನಾನು ಬಲ್ಲೆ. 1988ರ ಶಾಸನ ಆ ತಂದೆಯ ಕಷ್ಟವನ್ನು ಅರಿತು ಒಂದು ದಾರಿ ಬಿಟ್ಟಿತ್ತು. ಅದನ್ನು ಯಾರೂ ರದ್ದು ಮಾಡಲಿಲ್ಲ. ಅಳತೆಗೋಲು ಹಳತಾಗಿ ದಾರಿ ತಾನಾಗಿಯೇ ಮುಚ್ಚಿಹೋಯಿತು. ಗೇರಾಗಲಿ ಸಿ.ಸಿ.ಯಾಗಲಿ ಯಂತ್ರದ ಗುಣ. ಮಗುವಿಗೆ ಅಪಾಯ ತರುವುದು ವೇಗ. ಬ್ಯಾಟರಿ ಗಾಡಿಯ ನಿಯಮದಲ್ಲಿ ವೇಗವನ್ನು ಅಳೆದವರು ಹದಿನಾರರ ನಿಯಮದಲ್ಲಿಯೂ ಅದನ್ನೇ ಅಳೆದರೆ, ಹಳ್ಳಿಯ ಮಕ್ಕಳಿಗೆ ನ್ಯಾಯವಾದ, ಸುರಕ್ಷಿತವಾದ ದಾರಿಯೊಂದು ಮತ್ತೆ ತೆರೆದೀತು.

ಅಲ್ಲಿಯವರೆಗೆ, ಓದುಗ ಮಿತ್ರರೇ, ಮನೆಯ ಗಾಡಿಯ ಆರ್.ಸಿ.ಯನ್ನು ಒಮ್ಮೆ ತೆಗೆದು ನೋಡಿ. ಅದರಲ್ಲಿ ಎಂಜಿನ್ನಿನ ಸಾಮರ್ಥ್ಯ ನಮೂದಾಗಿರುತ್ತದೆ. ಆ ಅಂಕಿ ಐವತ್ತನ್ನು ಮೀರಿದ್ದರೆ, ಹದಿನೆಂಟು ತುಂಬಿ ಲೈಸೆನ್ಸು ಕೈಗೆ ಬರುವವರೆಗೆ ಕೀಲಿ ಹಿರಿಯರ ಜೇಬಿನಲ್ಲಿಯೇ ಇರಲಿ.