ಕೋಲಾರದ ತಂತಿಯೂ ಮಂಡ್ಯದ ಉಗಿಯೂ

ಚಾಲುಕ್ಯ ಇಮ್ಮಡಿ ಕೀರ್ತಿವರ್ಮನ ಕ್ರಿ.ಶ. 757ರ ತಾಮ್ರಶಾಸನದಿಂದ ವಿದ್ವಾಂಸರಿಗೆ ಪರಿಚಿತವಾದ ವಕ್ಕಲೇರಿಯ ಸೀಮೆಯಲ್ಲಿಯೇ ಕೋಲಾರದ ಚಿನ್ನದ ಗಣಿಗಳಿದ್ದುವು. ಮೊದಲು ಅಲ್ಲಿನ ಯಂತ್ರಗಳು ಉಗಿಯಿಂದ ನಡೆಯುತ್ತಿದ್ದುವು. 1902ನೆಯ ಜೂನ್ 30ರಂದು 92 ಮೈಲಿ ದೂರದ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಇದಕ್ಕಾಗಿ ಶ್ರಮಿಸಿದ ಶೇಷಾದ್ರಿ ಅಯ್ಯರವರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಗಣಿಗೆ ಮುಖ್ಯವಾಗಿ ಬೇಕಾದುದು ಎತ್ತುವ, ಕುಟ್ಟುವ ಬಲವಾದುದರಿಂದ ಉಗಿಯ ಕೆಲಸಕ್ಕೆ ತಂತಿಯೇ ಸಾಕಾಯಿತು. ಸಕ್ಕರೆಯ ಉದ್ಯಮಕ್ಕಾದರೋ ಬಲದೊಡನೆ ಶಾಖವೂ ಬೇಕು. ಜಲಪಾತವು ಶಾಖವನ್ನು ಕೊಡಲಾರದು. ಆದುದರಿಂದ, ಆ ಜಲಪಾತಕ್ಕೆ ದೂರವಲ್ಲದ ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾದಾಗಲೂ ಉಗಿಯನ್ನು ಬಿಡುವಂತಿರಲಿಲ್ಲ. ಇಂಥ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆಯ ಬೆಂಕಿಯಿಂದೆದ್ದ ಉಗಿಯು ಮೊದಲು ಯಂತ್ರವನ್ನು ತಿರುಗಿಸಿ, ಬಳಿಕ ತಾನೇ ರಸವನ್ನು ಕುದಿಸುತ್ತದೆ. ಕೋಲಾರದ ತಂತಿಯನ್ನು ಹೊಗಳುವವರು ಈ ಸಿಪ್ಪೆಯ ಬೆಂಕಿಯನ್ನು ಗಣನೆಗೆ ತಂದುದು ಅಪೂರ್ವ.